ಕೋಕೋಪೀಟ್‌ನಲ್ಲಿ ಟೊಮೆಟೊ ಎಲೆ ಹಳದಿ, ಕಾಯಿ ತಳ ಕಪ್ಪು: ಯಾವ ಪೋಷಕಾಂಶ ಕಡಿಮೆ ಅಂತ ಹೇಗೆ ಕಂಡುಹಿಡಿಯೋದು?

ತಾರಸಿ ತೋಟ, ಚಿಕ್ಕಮಗಳೂರು
ಸೆಪ್ಟೆಂಬರ್ 4, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಮಗಳೂರು ಪೇಟೆಯಲ್ಲೇ. ತಾರಸಿ ಮೇಲೆ 24 ಗ್ರೋ ಬ್ಯಾಗ್ ಇಟ್ಟಿದ್ದೇನೆ. 14ರಲ್ಲಿ ಟೊಮೆಟೊ, 6ರಲ್ಲಿ ದೊಣ್ಣೆಮೆಣಸು, 4ರಲ್ಲಿ ಹಸಿಮೆಣಸು. ಮಣ್ಣು ತುಂಬಿದರೆ ತಾರಸಿಗೆ ಭಾರ ಅಂತ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿದೆ. 5 ಕೆಜಿಯ ನಾಲ್ಕು ಬ್ಲಾಕ್ ತಂದು, ನೀರಲ್ಲಿ ನೆನೆಸಿ, ಉಬ್ಬಿದ ಮೇಲೆ ಹಾಗೇ ಬ್ಯಾಗಿಗೆ ತುಂಬಿದ್ದು. ಮೇಲೆ ಪಾರದರ್ಶಕ ಶೀಟ್ ಹಾಕಿಸಿದ್ದೇವೆ, ಮಳೆ ನೇರ ಬೀಳೋದಿಲ್ಲ.

ಮೊದಲ ತಿಂಗಳು ಗಿಡ ಚೆನ್ನಾಗಿಯೇ ಬಂತು. ಈಗ ನಾಟಿ ಮಾಡಿ ಏಳು ವಾರ. ಟೊಮೆಟೊದ ಕೆಳಗಿನ ಎಲೆಗಳಲ್ಲಿ ನರ ಹಸಿರಾಗೇ ಇದೆ, ನರಗಳ ನಡುವಿನ ಜಾಗ ಹಳದಿ. ಮೇಲಿನ ಎಳೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿ ಮುದುಡಿದೆ. ನಾಲ್ಕು ದಿನದಿಂದ ಕಾಯಿಗಳ ತಳ ಕಪ್ಪಾಗುತ್ತಿದೆ. ಮುಟ್ಟಿದರೆ ಮೆತ್ತಗಿಲ್ಲ, ಚರ್ಮದ ಹಾಗೆ ಗಟ್ಟಿ.

19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಈ ಕ್ರಮದಲ್ಲಿ ಶೇಕಡಾ ಲೆಕ್ಕ) ಲೀಟರಿಗೆ 3 ಗ್ರಾಂ ವಾರಕ್ಕೊಮ್ಮೆ ಕೊಡುತ್ತಿದ್ದೆ. ಹಳದಿ ಕಂಡ ಮೇಲೆ ನಾಲ್ಕು ದಿನಕ್ಕೊಮ್ಮೆ ಮಾಡಿದೆ. ಯಾರೋ ಹೇಳಿದರು ಅಂತ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಲೀಟರಿಗೆ 2 ಗ್ರಾಂ ಎರಡು ಸಲ ಹಾಕಿದೆ. ಜಾಸ್ತಿಯೇ ಆಯಿತು.

ನಮ್ಮ ಅಮ್ಮನಿಗೆ ಮಂಡಿನೋವು, ತೋಟಕ್ಕೆ ಹೋಗೋಕೆ ಆಗಲ್ಲ. ಅವರಿಗೋಸ್ಕರ ಮಾಡಿದ ತೋಟ ಇದು. ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ಕಾಯಿ ಎಣಿಸುತ್ತಾರೆ. ಇವತ್ತು ಹನ್ನೊಂದು ಕಾಯಿ ಕಿತ್ತು ಬಿಸಾಡಿದೆ. ಏನು ಕಡಿಮೆಯಾಗಿದೆ ಅಂತ ದಯವಿಟ್ಟು ಹೇಳಿ.


ಸಕಲೇಶಪುರ ಹಸಿರು
ಸೆಪ್ಟೆಂಬರ್ 4, ರಾತ್ರಿ 9:52

ಎಲೆ ಮುದುಡಿದೆ ಅಂದರೆ ನನಗೆ ವೈರಸ್ ಭಯ. ಬಿಳಿನೊಣ ಇದೆಯಾ ನೋಡಿ. ಹೋದ ವರ್ಷ ನಾನು ಪೋಷಕಾಂಶ ಅಂತ ಹಾಕ್ತಾ ಕೂತೆ, ಅದು ಎಲೆ ಮುರುಟು ರೋಗ ಆಗಿತ್ತು. ಅಷ್ಟರಲ್ಲಿ ಇಡೀ ಸಾಲಿಗೆ ಹರಡಿತ್ತು. ಅನುಮಾನ ಇದ್ದರೆ ಆ ಗಿಡ ಕಿತ್ತುಬಿಡಿ.


ಹಾಸನ ಪಾಲಿಹೌಸ್
ಸೆಪ್ಟೆಂಬರ್ 4, ರಾತ್ರಿ 10:30

ಮೇಡಂ, ಈಗಲೇ ಏನೂ ಕೀಳಬೇಡಿ, ಏನೂ ಹಾಕಲೂಬೇಡಿ. ಎರಡು ದಿನ ಗೊಬ್ಬರ ನಿಲ್ಲಿಸಿ. ನಾನು ಹಾಸನ ತಾಲ್ಲೂಕಿನಲ್ಲಿ ಅರ್ಧ ಎಕರೆ ಪಾಲಿಹೌಸ್‌ನಲ್ಲಿ ಕೋಕೋಪೀಟ್ ಮೇಲೇ ದೊಣ್ಣೆಮೆಣಸು ಬೆಳೆಯುತ್ತೇನೆ. ಎಲೆ ನೋಡಿ ಗೊಬ್ಬರ ಹಾಕಿ ನಾನೂ ಎರಡು ಬೆಳೆ ಕಳೆದುಕೊಂಡಿದ್ದೇನೆ. ಅದಕ್ಕೇ ಮೊದಲು ಕೆಲವು ಪ್ರಶ್ನೆ ಕೇಳ್ತೀನಿ.

ಮೊದಲು ಯಾವ ಎಲೆ ಕೆಟ್ಟಿತು, ಕೆಳಗಿನದಾ ಮೇಲಿನದಾ? ನೀರು ಯಾವುದು, ನಲ್ಲಿದಾ, ಬೋರ್‌ವೆಲ್‌ದಾ, ಮಳೆದಾ? ಬ್ಯಾಗಿನ ಕೆಳಗೆ ತಟ್ಟೆ ಇಟ್ಟಿದ್ದೀರಾ? ನೀರು ಹಾಕಿದಾಗ ಕೆಳಗಿನಿಂದ ಸ್ವಲ್ಪವಾದರೂ ಹರಿದು ಹೊರಗೆ ಹೋಗುತ್ತಾ? ಬ್ಲಾಕ್ ನೆನೆಸಿದ ನೀರು ಯಾವ ಬಣ್ಣ ಇತ್ತು, ಅದನ್ನು ಬಸಿದು ಚೆಲ್ಲಿದಿರಾ ಅಥವಾ ಅದರ ಸಮೇತ ತುಂಬಿದಿರಾ? ಒಂದು ಬ್ಯಾಗ್ ಬದಿಯಲ್ಲಿ ಸ್ವಲ್ಪ ಬಿಡಿಸಿ ಬೇರು ನೋಡಿ. ಬೆಳ್ಳಗಿದೆಯಾ, ಕಂದಾಗಿ ಲೋಳೆ ಲೋಳೆ ಇದೆಯಾ?

ಸಕಲೇಶಪುರದ ಅಣ್ಣ ಹೇಳಿದ್ದನ್ನೂ ಬಿಡಬೇಡಿ. ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಕುಡಿಯನ್ನು ತಟ್ಟಿ. ಸಣ್ಣ ಹುಳ ಉದುರುತ್ತಾ ನೋಡಿ. ಹಸಿಮೆಣಸಿನಲ್ಲಿ ಎಲೆ ಮೇಲಕ್ಕೆ ದೋಣಿ ಹಾಗೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ.


ತಾರಸಿ ತೋಟ, ಚಿಕ್ಕಮಗಳೂರು
ಸೆಪ್ಟೆಂಬರ್ 5, ಬೆಳಿಗ್ಗೆ 8:15

ಧನ್ಯವಾದ ಸರ್. ಬೆಳಿಗ್ಗೆ ಎದ್ದ ತಕ್ಷಣ ನೋಡಿದೆ.

ಕೆಳಗಿನ ಎಲೆ ಹಳದಿಯಾಗಿ ಎರಡು ವಾರ ಆಯಿತು, ಮೇಲಿನ ಎಲೆ ಸುಟ್ಟಿದ್ದು ಆಮೇಲೆ. ನೀರು ಪೂರ್ತಿ ಮಳೆ ನೀರು. ಮಾಡಿನ ನೀರು ಸಂಪಿಗೆ ಇಳಿಸಿದ್ದೇವೆ, ಅದನ್ನೇ ಹಾಕೋದು. ಪ್ರತಿ ಬ್ಯಾಗಿನ ಕೆಳಗೂ ತಟ್ಟೆ ಇದೆ. ತಾರಸಿ ಸೋರುತ್ತೆ ಅನ್ನೋ ಭಯಕ್ಕೆ ನೀರು ಹೊರಗೆ ಬರದ ಹಾಗೆ ಅಳತೆಯಲ್ಲಿ ಹಾಕುತ್ತೇನೆ. ತಟ್ಟೆಗೆ ಬಂದ ಸ್ವಲ್ಪ ನೀರನ್ನೂ ಗಿಡವೇ ಹೀರಿಕೊಳ್ಳಲಿ ಅಂತ ಬಿಡುತ್ತೇನೆ. ಬ್ಲಾಕ್ ನೆನೆಸಿದ ನೀರು ಕಡು ಚಹಾ ಬಣ್ಣ ಇತ್ತು. ಚೆಲ್ಲಿಲ್ಲ, ಪೂರ್ತಿ ಅದೇ ಹೀರಿಕೊಂಡಿತು.

ಬೇರು ಬಹುತೇಕ ಬೆಳ್ಳಗಿದೆ, ತುದಿ ಮಾತ್ರ ಕೆಲವು ಕಡೆ ಕಂದು. ಟೊಮೆಟೊದಲ್ಲಿ ಹುಳ ಕಾಣಲಿಲ್ಲ. ಹಸಿಮೆಣಸಿನ ಎರಡು ಬ್ಯಾಗಿನಲ್ಲಿ ಎಲೆ ಮೇಲಕ್ಕೆ ಮಡಚಿದೆ, ಹಾಳೆ ಮೇಲೆ ಹಳದಿ ಬಣ್ಣದ ಸಣ್ಣ ಹುಳಗಳು ಓಡಾಡಿದವು.


ಹಾಸನ ಪಾಲಿಹೌಸ್
ಸೆಪ್ಟೆಂಬರ್ 5, ಮಧ್ಯಾಹ್ನ 2:40

ಈಗ ಅರ್ಧ ಉತ್ತರ ಸಿಕ್ಕಿತು. ಆ ಎರಡು ಹಸಿಮೆಣಸು ಬ್ಯಾಗ್ ಬೇರೆ ಕಡೆ ಇಡಿ, ಅದು ಥ್ರಿಪ್ಸ್. ನೀಲಿ ಅಂಟು ಹಾಳೆ ಕಟ್ಟಿ, ಬೇವಿನೆಣ್ಣೆ ಹೊಡೆಯಿರಿ. ಅದಕ್ಕೂ ಉಳಿದದ್ದಕ್ಕೂ ಸಂಬಂಧ ಇಲ್ಲ. ಉಳಿದದ್ದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕಂದರೆ ಇದು ಮಳೆ ನೀರು ಬಳಸುವ ಮಲೆನಾಡಿನ ಎಲ್ಲರಿಗೂ ಬರುವ ತೊಂದರೆ.

ಗಿಡಕ್ಕೆ ಏನಾದರೂ ಕಡಿಮೆ ಬಿದ್ದಾಗ ಕೆಲವು ಪೋಷಕಾಂಶಗಳನ್ನು ಅದು ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಸಾಗಿಸುತ್ತೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಈ ಗುಂಪು. ಇವು ಕಡಿಮೆಯಾದರೆ ಮೊದಲು ಸೊರಗೋದು ಕೆಳಗಿನ ಎಲೆ. ಎಲೆ ಪೂರ್ತಿ ಒಂದೇ ಸಮ ಹಳದಿಯಾದರೆ ಸಾರಜನಕ. ನರ ಹಸಿರು, ನಡುವೆ ಹಳದಿ ಆದರೆ ಮೆಗ್ನೀಸಿಯಂ. ಅಂಚು ಮಾತ್ರ ಸುಟ್ಟರೆ ಪೊಟ್ಯಾಷ್. ಎಲೆ ಕಡು ಹಸಿರಾಗಿ ಕೆಳಭಾಗ ನೇರಳೆ ಬಂದರೆ ರಂಜಕ. ನಿಮ್ಮ ಕಡೆ ಡಿಸೆಂಬರ್ ಚಳಿಯಲ್ಲಿ ಗೊಬ್ಬರ ಸರಿ ಇದ್ದರೂ ಇದು ಕಾಣಬಹುದು, ತಣ್ಣಗಿನ ಬೇರು ರಂಜಕ ಎಳೆಯೋದು ಕಷ್ಟ.

ಇನ್ನು ಕೆಲವು ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲಿಂದ ಏಳೋದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್, ಮ್ಯಾಂಗನೀಸ್ ಅಂಥವು. ಇವುಗಳ ಕೊರತೆ ಹೊಸ ಎಲೆಯಲ್ಲಿ, ಕುಡಿಯಲ್ಲಿ, ಕಾಯಿಯಲ್ಲಿ ಕಾಣುತ್ತೆ. ಟೊಮೆಟೊ ತಳ ಕಪ್ಪಾಗೋದು ಕ್ಯಾಲ್ಸಿಯಂ ಕಾಯಿಯ ತುದಿ ತನಕ ಮುಟ್ಟದೇ ಇದ್ದಾಗ.

ನಿಮ್ಮ ಗಿಡದಲ್ಲಿ ಕೆಳಗೆ ಮೆಗ್ನೀಸಿಯಂ ಕೊರತೆ, ಮೇಲೆ ಕ್ಯಾಲ್ಸಿಯಂ ಕೊರತೆ. ಎರಡೂ ಒಟ್ಟಿಗೆ ಬಂದಿದೆ ಅಂದರೆ ನನ್ನ ಕಣ್ಣು ಎಲೆ ಬಿಟ್ಟು ಕೋಕೋಪೀಟ್ ಮೇಲೆ ಹೋಗುತ್ತೆ.

ತೆಂಗಿನ ಮಟ್ಟೆಯಲ್ಲಿ ಪೊಟ್ಯಾಷ್ ಜಾಸ್ತಿ, ಸೋಡಿಯಂ ಕೂಡ ಇರುತ್ತೆ. ಕರಾವಳಿಯಲ್ಲಿ ಉಪ್ಪು ನೀರಲ್ಲಿ ಕೊಳೆಹಾಕಿದ ಮಟ್ಟೆ ಆದರೆ ಸೋಡಿಯಂ ಇನ್ನೂ ಜಾಸ್ತಿ. ಮದುವೆ ಮನೆ ಪಂಕ್ತಿ ಅಂದುಕೊಳ್ಳಿ. ಎಲೆ ಹಾಕಿರುವ ಜಾಗದಲ್ಲೆಲ್ಲ ಪೊಟ್ಯಾಷ್, ಸೋಡಿಯಂ ಮೊದಲೇ ಬಂದು ಕೂತಿವೆ. ನೀವು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಟ್ಟಾಗ ಅವನ್ನು ಎಬ್ಬಿಸಿ ಇವು ಕೂರುತ್ತವೆ. ಎದ್ದ ಪೊಟ್ಯಾಷ್ ನೀರಿಗೆ ಬಂದು ಬೇರಿಗೆ ಸಿಗುತ್ತೆ. ಕೂತ ಕ್ಯಾಲ್ಸಿಯಂ ಗಿಡಕ್ಕೆ ಸಿಗೋದಿಲ್ಲ. ಪಂಕ್ತಿ ಪೂರ್ತಿ ಕ್ಯಾಲ್ಸಿಯಂನಿಂದ ತುಂಬುವ ತನಕ ಗಿಡಕ್ಕೆ ಅದರ ಕೊರತೆ ಇದ್ದದ್ದೇ. ಅದಕ್ಕೇ ನಾಟಿಗೆ ಮುಂಚೆ ಕೋಕೋಪೀಟನ್ನು ತೊಳೆದು ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ತೊಳೆಯೋದು.

ಇನ್ನು ನೀವು ಕೊಟ್ಟದ್ದು ನೋಡಿ. 19:19:19ರಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ. ಪೊಟ್ಯಾಷ್ ಇದೆ. ಮಳೆ ನೀರಲ್ಲಿ ಎರಡೂ ಇಲ್ಲದ ಹಾಗೇ. ಅಂದರೆ ಏಳು ವಾರ ಗಿಡಕ್ಕೆ ಕ್ಯಾಲ್ಸಿಯಂ ಎಲ್ಲಿಂದಲೂ ಬಂದಿಲ್ಲ. ಪೊಟ್ಯಾಷ್ ಮಾತ್ರ ಎರಡು ಕಡೆಯಿಂದ ಸುರಿದಿದೆ. ಪೊಟ್ಯಾಷ್ ಜಾಸ್ತಿಯಾದರೆ ಬೇರು ಮೆಗ್ನೀಸಿಯಂ, ಕ್ಯಾಲ್ಸಿಯಂ ಎಳೆಯೋದನ್ನು ಅದೇ ತಡೆಯುತ್ತೆ. ಆಮೇಲೆ ಎಪ್ಸಮ್ ಜಾಸ್ತಿ ಹಾಕಿದಾಗ ಮೆಗ್ನೀಸಿಯಂ ಕೂಡ ಕ್ಯಾಲ್ಸಿಯಂಗೆ ಅಡ್ಡ ಬಂತು.

ಹೊರಗೆ ಹರಿಯದ ಬ್ಯಾಗಿನಲ್ಲಿ ಉಪ್ಪು ಕೂಡುತ್ತಾ ಹೋಗುತ್ತೆ. ಜೊತೆಗೆ ನಿಮ್ಮೂರಿನ ಜುಲೈ, ಆಗಸ್ಟ್ ಜಡಿಮಳೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಎಲೆಯಿಂದ ನೀರು ಆವಿಯಾಗೋದು ಕಡಿಮೆ. ಕ್ಯಾಲ್ಸಿಯಂ ಆ ನೀರಿನ ಜೊತೆಗೇ ಮೇಲೆ ಹೋಗೋದು. ಹಾಗಾಗಿ ಇದ್ದ ಅಲ್ಪಸ್ವಲ್ಪವೂ ಕುಡಿಗೆ ಹೋಗಿಲ್ಲ.

ಇದೆಲ್ಲ ನನ್ನ ಊಹೆ. ಊಹೆ ಮೇಲೆ ಗೊಬ್ಬರ ಹಾಕಬಾರದು. ಒಂದು ಇಸಿ ಮೀಟರ್ (ನೀರಲ್ಲಿ ಕರಗಿದ ಉಪ್ಪು ಎಷ್ಟು ಅಂತ ತೋರಿಸುತ್ತೆ), ಒಂದು ಪಿಹೆಚ್ ಮೀಟರ್ (ನೀರು ಆಮ್ಲವಾ ಕ್ಷಾರವಾ ಅಂತ ತೋರಿಸುತ್ತೆ) ತರಿಸಿ. ಬ್ಯಾಗನ್ನು ಎರಡು ಇಟ್ಟಿಗೆ ಮೇಲೆ ಇಡಿ. ಎಂದಿನಂತೆ ನೀರು ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಲೋಟ ನೀರು ನಿಧಾನಕ್ಕೆ ಸುರಿದು, ಕೆಳಗೆ ಇಳಿದ ನೀರನ್ನು ಸ್ವಚ್ಛ ಬಟ್ಟಲಲ್ಲಿ ಹಿಡಿದು ಅಳೆಯಿರಿ. ಹಾಕಿದ ನೀರಿನ ಇಸಿಯನ್ನೂ ಅಳೆದು ಎರಡೂ ಬರೆಯಿರಿ.


ಮೂಡಿಗೆರೆ ಮೆಣಸು ನರ್ಸರಿ
ಸೆಪ್ಟೆಂಬರ್ 5, ಸಂಜೆ 6:05

ಹಾಸನದ ಸರ್ ಹೇಳಿದ್ದು ಅಕ್ಷರಶಃ ನಿಜ. ನಮ್ಮದು ಕಾಳುಮೆಣಸಿನ ಬಳ್ಳಿ ಸಸಿ. ನೀರು ಹಳ್ಳದ್ದು, ಮಳೆ ನೀರಿನಷ್ಟೇ ಮೆದು.

ಆದರೆ ಇನ್ನೊಂದು ತೊಂದರೆ ನನಗೆ ಆಗಿದ್ದು ಹೇಳ್ತೀನಿ, ತಂಗಿ, ನಿನ್ನ ಗಿಡದ್ದು ಅದಲ್ಲ, ಆದರೂ ಓದುವವರಿಗೆ ಬೇಕಾಗುತ್ತೆ. ಒಂದು ವರ್ಷ ಹೊಸ ಕೋಕೋಪೀಟ್ ಲೋಡ್ ಬಂತು. ನೋಡೋಕೆ ಹೊಂಬಣ್ಣ, ನಾರು ನಾರು. ಮಾರಿದವರು ತೊಳೆದದ್ದೇ ಅಂದರು. ಸಸಿಗೆ ಬೇರು ಬಂತು, ಎರಡು ಎಲೆ ಬಂತು, ಆಮೇಲೆ ಇಡೀ ಸಸಿ ತಿಳಿ ಹಳದಿ. ನರ, ನಡುವೆ ಅಂತ ವ್ಯತ್ಯಾಸವೇ ಇಲ್ಲ. ಕೊಟ್ಟ ಸಾರಜನಕ ಎಲ್ಲಿ ಹೋಗುತ್ತೆ ಅಂತಲೇ ಗೊತ್ತಾಗಲಿಲ್ಲ. ಸಾವಿರಕ್ಕೂ ಮೇಲೆ ಸಸಿ ಹೋಯಿತು. ಅವುಗಳನ್ನು ಕಾಫಿ ಗಿಡದ ಬುಡಕ್ಕೆ ಸುರಿದ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಗೊತ್ತಾಯಿತು. ಹಸಿ ಪುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಬಹಳ ಕಡಿಮೆ. ಅದು ಕೊಳೆಯೋಕೆ ಶುರು ಮಾಡಿದಾಗ ಸೂಕ್ಷ್ಮಜೀವಿಗಳು ಗಿಡಕ್ಕಿಂತ ಮೊದಲು ಸಾರಜನಕ ತಿಂದುಬಿಡುತ್ತವೆ. ಹಳೆಯದಾದ, ಕಡು ಕಂದು ಬಣ್ಣದ ಪುಡಿಯಲ್ಲಿ ಈ ತೊಂದರೆ ಕಡಿಮೆ. ಈಗ ನಾನು ಅಣಬೆ ಬೀಜ, ಯೂರಿಯಾ ಹಾಕಿ ಕೊಳೆಸಿದ ಪುಡಿ ಮಾತ್ರ ಬಳಸೋದು. ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ಕೂಡ ಇಂಥದ್ದೇ, ಸಸಿಗೆ ಅದು ಚೆನ್ನ.

ಮತ್ತೆ ಸರ್, ಒಂದು ಮಾತು. ಬ್ಯಾಗ್ ತೊಳೆಯಬೇಕು ಅಂತ ಹೇಳೋಕೆ ಹೋಗ್ತೀರಿ ಅಂತ ಗೊತ್ತು. ಬರೀ ಮಳೆ ನೀರಲ್ಲಿ ತೊಳೆಸಬೇಡಿ. ನಾನು ಹಾಗೆ ಮಾಡಿ ಇದ್ದ ಚೂರುಪಾರು ಕ್ಯಾಲ್ಸಿಯಂ ಕೂಡ ಕಳೆದುಕೊಂಡೆ.


ಹಾಸನ ಪಾಲಿಹೌಸ್
ಸೆಪ್ಟೆಂಬರ್ 5, ಸಂಜೆ 7:30

ಅಕ್ಕಾ, ಒಪ್ಪಿದೆ. ನಾನು ಸಾದಾ ನೀರು ಅಂತಲೇ ಬರೆಯೋನಿದ್ದೆ. ನಮ್ಮ ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ ಇರೋದರಿಂದ ನನಗೆ ಅದು ನಡೆಯುತ್ತೆ. ಮಳೆ ನೀರಿನವರಿಗೆ ನಡೆಯಲ್ಲ. ತೊಳೆಯುವ ನೀರಲ್ಲೇ ಕ್ಯಾಲ್ಸಿಯಂ ನೈಟ್ರೇಟ್ ಇರಬೇಕು.


ಬೇಲೂರು ಸಾವಯವ
ಸೆಪ್ಟೆಂಬರ್ 6, ಬೆಳಿಗ್ಗೆ 7:10

ಇಷ್ಟೆಲ್ಲ ರಾಸಾಯನಿಕ ಯಾಕೆ ಅಕ್ಕಾ? ಕ್ಯಾಲ್ಸಿಯಂ ಬೇಕು ಅಂದರೆ ಮೊಟ್ಟೆ ಸಿಪ್ಪೆ ಪುಡಿ ಹಾಕಿ, ಇಲ್ಲ ಎಲೆಅಡಿಕೆ ಸುಣ್ಣದ ತಿಳಿ ನೀರು ಕೊಡಿ. ವಾರಕ್ಕೊಮ್ಮೆ ಜೀವಾಮೃತ. ನಮ್ಮ ತೋಟದಲ್ಲಿ ಹತ್ತು ವರ್ಷದಿಂದ ಬೇರೆ ಏನೂ ಹಾಕಿಲ್ಲ, ಟೊಮೆಟೊ ಚೆನ್ನಾಗಿ ಬರುತ್ತೆ.


ಮೂಡಿಗೆರೆ ಮೆಣಸು ನರ್ಸರಿ
ಸೆಪ್ಟೆಂಬರ್ 6, ಬೆಳಿಗ್ಗೆ 8:40

ಅಣ್ಣಾ, ನಿಮ್ಮ ತೋಟದಲ್ಲಿ ಬರುತ್ತೆ, ಅನುಮಾನವೇ ಇಲ್ಲ. ಅಲ್ಲಿ ಮಣ್ಣಿದೆ. ಮಣ್ಣಲ್ಲೇ ಕ್ಯಾಲ್ಸಿಯಂ ಇದೆ, ಎರೆಹುಳ ಇದೆ, ಜೀವಾಮೃತ ಕೊಟ್ಟರೆ ಕೆಲಸ ಮಾಡುವ ಜೀವಿಗಳಿವೆ. ಬರೀ ಕೋಕೋಪೀಟ್ ತುಂಬಿದ ಬ್ಯಾಗ್ ನೀರು ಹಿಡಿದಿಡುವ ಸ್ಪಂಜ್ ಇದ್ದ ಹಾಗೆ. ಅದರಲ್ಲಿ ಊಟ ಇಲ್ಲ. ನಾವು ಕೊಟ್ಟಷ್ಟೇ.

ಮೊಟ್ಟೆ ಸಿಪ್ಪೆ ಕರಗೋಕೆ ತಿಂಗಳುಗಟ್ಟಲೆ ಬೇಕು. ಈ ಗಿಡಕ್ಕೆ ಈ ವಾರ ಬೇಕು. ಸುಣ್ಣದ ತಿಳಿ ನೀರಂತೂ ಬೇಡವೇ ಬೇಡ. ಪಿಹೆಚ್ ಒಮ್ಮೆಗೇ ಏರಿ ಕಬ್ಬಿಣ ಸಿಗದ ಹಾಗಾಗುತ್ತೆ. ಸಾವಯವವೇ ಬೇಕು ಅಂದರೆ ಮುಂದಿನ ಬೆಳೆಗೆ ಕೋಕೋಪೀಟ್ ಜೊತೆ ಎರೆಗೊಬ್ಬರ, ಸ್ವಲ್ಪ ಕೆಂಪು ಮಣ್ಣು ಬೆರೆಸಿ ಶುರು ಮಾಡಲಿ. ಆಗ ನಿಮ್ಮ ದಾರಿಯೂ ನಡೆಯುತ್ತೆ.


ಅರಸೀಕೆರೆ ತೆಂಗು
ಸೆಪ್ಟೆಂಬರ್ 6, ಮಧ್ಯಾಹ್ನ 1:15

ಎಲ್ಲರಿಗೂ ನಮಸ್ಕಾರ. ಈ ಚರ್ಚೆ ಓದಿ ನಾನೂ ನಿನ್ನೆ ಕ್ಯಾಲ್ಸಿಯಂ ನೈಟ್ರೇಟ್, ಎಪ್ಸಮ್ ತಂದೆ. ಹಾಕುವ ಮುಂಚೆ ಕೇಳೋಣ ಅಂತ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ ತಾಲ್ಲೂಕು. ತೆಂಗಿನ ಊರೇ ಅಲ್ವಾ, ನಾರಿನ ಪುಡಿ ನಮಗೆ ಪಕ್ಕದ ಘಟಕದಲ್ಲೇ ಸಿಗುತ್ತೆ. ಶೇಡ್ ನೆಟ್‌ನಲ್ಲಿ 98 ಗುಳಿಯ ಪ್ರೋಟ್ರೇಗಳಲ್ಲಿ ದೊಣ್ಣೆಮೆಣಸು, ಟೊಮೆಟೊ ಸಸಿ ಮಾಡುತ್ತೇನೆ, ಸ್ವಲ್ಪ ಬ್ಯಾಗಿನಲ್ಲೂ ಬೆಳೆಸಿದ್ದೇನೆ. ನೀರು ಬೋರ್‌ವೆಲ್. ಸೋಪು ನೊರೆ ಬರೋದಿಲ್ಲ, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಹೊಪ್ಪಳೆ ಕೂರುತ್ತೆ. ನನ್ನ ಗಿಡದಲ್ಲೂ ನರ ಹಸಿರು, ನಡುವೆ ಹಳದಿ. ಆದರೆ ಕುಡಿ ಎಲೆಯಲ್ಲಿ. ಕೆಲವು ಎಲೆ ಬೆಳ್ಳಗೇ ಆಗಿದೆ. ಕೆಳಗಿನ ಎಲೆ ಹಸಿರಾಗೇ ಇದೆ. ಫೆರಸ್ ಸಲ್ಫೇಟ್ ಎರಡು ಸಲ ಕೊಟ್ಟೆ, ಏನೂ ಆಗಲಿಲ್ಲ.


ಹಾಸನ ಪಾಲಿಹೌಸ್
ಸೆಪ್ಟೆಂಬರ್ 6, ರಾತ್ರಿ 8:50

ಕೇಳಿದ್ದು ಬಹಳ ಒಳ್ಳೇದಾಯಿತು ಅಣ್ಣಾ. ಆ ಎರಡು ಪ್ಯಾಕೆಟ್ ಈಗ ತೆರೆಯಬೇಡಿ.

ಚಿಕ್ಕಮಗಳೂರಿನ ಗಿಡಕ್ಕೂ ನಿಮ್ಮ ಗಿಡಕ್ಕೂ ಹಳದಿ ಒಂದೇ ಥರ, ಜಾಗ ಬೇರೆ. ಹಳೆ ಎಲೆಯಲ್ಲಿ ಕಂಡರೆ ಮೆಗ್ನೀಸಿಯಂ, ಕುಡಿಯಲ್ಲಿ ಕಂಡರೆ ಕಬ್ಬಿಣ. ನಿಮ್ಮ ನೀರಿನಲ್ಲಿ ಕ್ಯಾಲ್ಸಿಯಂ ಈಗಾಗಲೇ ಬೇಕಾದಷ್ಟಿದೆ, ಪಾತ್ರೆಯಲ್ಲಿ ಕೂತ ಬಿಳಿ ಅದೇ. ಜೊತೆಗೆ ಆ ನೀರಿನ ಬೈಕಾರ್ಬೊನೇಟ್ ದಿನದಿಂದ ದಿನಕ್ಕೆ ಕೋಕೋಪೀಟ್‌ನ ಪಿಹೆಚ್ ಏರಿಸುತ್ತೆ. ಕೋಕೋಪೀಟ್‌ಗೆ 5.8ರಿಂದ 6.2 ಒಳ್ಳೇದು. 7 ದಾಟಿದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ನೀವು ಹಾಕಿದ ಫೆರಸ್ ಸಲ್ಫೇಟ್ ಅಲ್ಲೇ ತುಕ್ಕಾಗಿ ಕೂತಿರುತ್ತೆ. ಪುಡಿಯ ಮೇಲ್ಪದರದಲ್ಲಿ ಕಿತ್ತಳೆ ಬಣ್ಣ ಇದೆಯಾ ನೋಡಿ.

ನೀರಿನ ಪಿಹೆಚ್ ಇಳಿಸಬೇಕು. 10 ಲೀಟರ್ ಬಕೆಟ್ ತೆಗೆದುಕೊಳ್ಳಿ. ಫಾಸ್ಫಾರಿಕ್ ಆಮ್ಲ ಸ್ವಲ್ಪ ಸ್ವಲ್ಪ ಹಾಕಿ, ಕಲಸಿ, ಅಳೆದು, 6ಕ್ಕೆ ಬರಲು ಎಷ್ಟು ಮಿಲಿ ಬೇಕಾಯಿತು ಅಂತ ಬರೆದಿಡಿ. ಒಂದೊಂದು ಬೋರ್‌ವೆಲ್‌ಗೆ ಒಂದೊಂದು ಲೆಕ್ಕ, ಬೇರೆಯವರ ಅಳತೆ ನಿಮಗೆ ಬರಲ್ಲ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಇರಲಿ. ಸ್ವಲ್ಪ ಗಿಡ ಇದ್ದರೆ ನಿಂಬೆ ಉಪ್ಪು ಸಾಕು, ಆದರೆ ಅದರ ಪರಿಣಾಮ ಬೇಗ ಹೋಗುತ್ತೆ. ಮಳೆ ನೀರು ಕೂಡಿಡುವ ಅನುಕೂಲ ಇದ್ದರೆ ಅರ್ಧಕ್ಕರ್ಧ ಬೆರೆಸಿ. ಅದಕ್ಕಿಂತ ಒಳ್ಳೇದು ಇಲ್ಲ.

ಕಬ್ಬಿಣಕ್ಕೆ ಚಿಲೇಟ್ ತನ್ನಿ, ಅಂದರೆ ಕಬ್ಬಿಣ ತುಕ್ಕಾಗಿ ಕೂರದ ಹಾಗೆ ಹಿಡಿದಿಡುವ ರೂಪದ್ದು. ಇಡಿಟಿಎ ಚಿಲೇಟ್ ನಿಮ್ಮ ಪಿಹೆಚ್‌ನಲ್ಲಿ ನಿಲ್ಲಲ್ಲ. ಇಡಿಡಿಹೆಚ್‌ಎ ಅಂತ ಬರೆದದ್ದು ಕೇಳಿ ತನ್ನಿ, ನೀರಿಗೆ ಹಾಕಿದರೆ ಕಡು ಕೆಂಪಾಗುತ್ತೆ. ಬೆಲೆ ಜಾಸ್ತಿ, ಬೇಕಾಗೋದು ಸ್ವಲ್ಪವೇ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೀರು ಪರೀಕ್ಷೆ ಬಗ್ಗೆ ಒಮ್ಮೆ ವಿಚಾರಿಸಿ. ಚಿಕ್ಕಮಗಳೂರು ಜಿಲ್ಲೆಯವರಿಗೆ ಮೂಡಿಗೆರೆಯಲ್ಲಿದೆ.


ತಾರಸಿ ತೋಟ, ಚಿಕ್ಕಮಗಳೂರು
ಸೆಪ್ಟೆಂಬರ್ 9, ಸಂಜೆ 5:45

ಮೀಟರ್ ಬಂತು. ಮೂರು ಬ್ಯಾಗ್ ಅಳೆದೆ.

ಸಂಪಿನ ಮಳೆ ನೀರು: ಇಸಿ 0.04, ಪಿಹೆಚ್ 6.4. 19:19:19 ಲೀಟರಿಗೆ 3 ಗ್ರಾಂ ಹಾಕಿದ ನೀರು: 2.1. ಟೊಮೆಟೊ ಬ್ಯಾಗಿನಿಂದ ಇಳಿದ ನೀರು: 4.6, ಪಿಹೆಚ್ 5.3. ಇನ್ನೊಂದು ಟೊಮೆಟೊ: 3.8. ದೊಣ್ಣೆಮೆಣಸು: 4.1.

ಸಂಖ್ಯೆ ನೋಡಿ ನನಗೆ ಗಾಬರಿಯಾಯಿತು. ಇಷ್ಟು ದಿನ ಗಿಡಕ್ಕೆ ಹೊಟ್ಟೆಗಿಲ್ಲ ಅಂದುಕೊಂಡು ಮತ್ತೆ ಮತ್ತೆ ಹಾಕುತ್ತಿದ್ದೆ.


ಹಾಸನ ಪಾಲಿಹೌಸ್
ಸೆಪ್ಟೆಂಬರ್ 9, ರಾತ್ರಿ 9:00

ಗಾಬರಿ ಬೇಡ ಮೇಡಂ. ಬೇರು ಬೆಳ್ಳಗಿದೆ, ಗಿಡ ಉಳಿಯುತ್ತೆ. ಹಾಕಿದ್ದು 2.1, ಇಳಿದದ್ದು 4.6 ಅಂದರೆ ಒಳಗೆ ಉಪ್ಪು ಕೂಡಿದೆ. ಇಳಿದ ನೀರಿನ ಇಸಿ ಹಾಕಿದ್ದಕ್ಕಿಂತ ಅರ್ಧ, ಮುಕ್ಕಾಲು ಅಂಕ (0.5, 0.75) ಜಾಸ್ತಿ ಇದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಇಷ್ಟು ಜಾಸ್ತಿ ಆದರೆ ತೊಳೆಯಲೇಬೇಕು.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. 19:19:19ರ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಯೂರಿಯಾ ರೂಪದ್ದು. ಯೂರಿಯಾ ಇಸಿ ಮೀಟರಿಗೆ ಕಾಣೋದೇ ಇಲ್ಲ. ಹಾಗಾಗಿ ಮೀಟರ್ ತೋರಿಸಿದ್ದಕ್ಕಿಂತ ಜಾಸ್ತಿಯೇ ಹೋಗಿದೆ. ಅದು ಒಳಗೆ ಅಮೋನಿಯಂ ಆಗುತ್ತೆ. ಅಮೋನಿಯಂ ಜಾಸ್ತಿಯಾದರೂ ಕ್ಯಾಲ್ಸಿಯಂ ಎಳೆಯೋದು ಕಡಿಮೆ. ಪಿಹೆಚ್ 5.3ಕ್ಕೆ ಇಳಿದಿರೋದಕ್ಕೂ ಅದೇ ಕಾರಣ ಇರಬೇಕು.

ತೊಳೆಯೋಕೆ: ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಅರ್ಧ ಗ್ರಾಂ ಎಪ್ಸಮ್. ಬ್ಯಾಗಿನಲ್ಲಿ 10 ಲೀಟರ್ ಪುಡಿ ಇದ್ದರೆ ಇಂಥ ನೀರು 20 ಲೀಟರ್ ನಿಧಾನಕ್ಕೆ ಮೇಲಿನಿಂದ ಹಾಕಿ ಕೆಳಗೆ ಹರಿಯಲು ಬಿಡಿ. ತಟ್ಟೆ ತೆಗೆಯಿರಿ. ಹರಿದ ನೀರನ್ನು ತೆಂಗಿನ ಬುಡಕ್ಕೋ ಹೂವಿನ ಗಿಡಕ್ಕೋ ಬಿಡಿ, ತೆಂಗಿಗೆ ಪೊಟ್ಯಾಷ್ ಇಷ್ಟ.


ತಾರಸಿ ತೋಟ, ಚಿಕ್ಕಮಗಳೂರು
ಸೆಪ್ಟೆಂಬರ್ 9, ರಾತ್ರಿ 9:25

ಸರ್, ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಸಲ್ಫೇಟ್ ಬೆರೆಸಬಾರದು ಅಂತ ಚೀಲದ ಮೇಲೇ ಇದೆಯಲ್ಲ? ಎಪ್ಸಮ್ ಸಲ್ಫೇಟ್ ಅಲ್ವಾ?


ಹಾಸನ ಪಾಲಿಹೌಸ್
ಸೆಪ್ಟೆಂಬರ್ 9, ರಾತ್ರಿ 9:40

ಒಳ್ಳೆ ಪ್ರಶ್ನೆ. ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಜಿಪ್ಸಂ ಆಗಿ ತಳದಲ್ಲಿ ಬಿಳಿಯಾಗಿ ಕೂರುತ್ತೆ, ಎರಡೂ ವ್ಯರ್ಥ. ರಂಜಕದ ಗೊಬ್ಬರ ಜೊತೆಗೂ ಹಾಗೇ. ಆದರೆ ಇಷ್ಟು ತೆಳು ಅಳತೆಯಲ್ಲಿ ಏನೂ ಆಗಲ್ಲ. ಒಂದನ್ನು ಪೂರ್ತಿ ಬಕೆಟ್ ನೀರಲ್ಲಿ ಕರಗಿಸಿ, ಆಮೇಲೆ ಇನ್ನೊಂದು ಹಾಕಿ. ಅದಕ್ಕೇ ಹೆಸರಘಟ್ಟದವರ ‘ಅರ್ಕಾ ಸಸ್ಯ ಪೋಷಕ ರಸ’ ಎ ಮತ್ತು ಬಿ ಅಂತ ಎರಡು ಬಾಟಲಿಯಲ್ಲಿ ಬರೋದು. ಅಳತೆ ತೂಕದ ತಲೆನೋವು ಬೇಡ ಅಂದರೆ ಮುಂದೆ ಅದನ್ನೇ ಬಳಸಬಹುದು.

ನೀವೇ ಬೆರೆಸೋದಾದರೆ ಕಾಯಿ ಬಿಡುವ ಟೊಮೆಟೊಗೆ ಮಳೆ ನೀರಲ್ಲಿ ನಾನು ಹೇಳೋದು ಇದು, ಲೀಟರಿಗೆ: ಕ್ಯಾಲ್ಸಿಯಂ ನೈಟ್ರೇಟ್ 1 ಗ್ರಾಂ, ಎಪ್ಸಮ್ 0.5 ಗ್ರಾಂ, 13:0:45 0.4 ಗ್ರಾಂ, 0:52:34 0.2 ಗ್ರಾಂ, ಜೊತೆಗೆ ಲಘು ಪೋಷಕಾಂಶದ ಚಿಲೇಟ್ ಮಿಶ್ರಣ ಚೀಲದ ಮೇಲಿನ ಅಳತೆಯಂತೆ. ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಕ್ಯಾಲ್ಸಿಯಂ ಶೇಕಡಾ 18.8. ಹಾಗಾಗಿ ಲೀಟರಿಗೆ ಸುಮಾರು 188 ಮಿಲಿಗ್ರಾಂ ಸಿಗುತ್ತೆ. ಟೊಮೆಟೊಗೆ ಅದು ಸರಿಯಾದ ಅಳತೆ. ತೊಳೆದ ಮೇಲೆ ಮೊದಲ ವಾರ 13:0:45 ಬಿಡಿ, ಪೊಟ್ಯಾಷ್ ಒಳಗೇ ಇದೆ.

ಪ್ರತಿ ಸಲ ಹಾಕಿದ ನೀರಲ್ಲಿ ಹತ್ತರಲ್ಲಿ ಒಂದೆರಡು ಭಾಗ ಕೆಳಗೆ ಹರಿದು ಹೋಗಲಿ. ತಾರಸಿ ಭಯ ಇದ್ದರೆ ಬ್ಯಾಗ್‌ಗಳನ್ನು ಎತ್ತರದ ಸ್ಟ್ಯಾಂಡ್ ಮೇಲಿಟ್ಟು ಕೆಳಗೆ ಒಂದು ಇಳಿಜಾರು ತಗಡು ಇಡಿ.

ಎಲೆ ಮೇಲೆ ಕ್ಯಾಲ್ಸಿಯಂ ಹೊಡೆಯಲಾ ಅಂತ ಕೇಳ್ತೀರಿ. ಕುಡಿಗೆ ಸ್ವಲ್ಪ ಸಹಾಯ. ಎಲೆಗೆ ಬಿದ್ದದ್ದು ಕಾಯಿಗೆ ಇಳಿಯೋದಿಲ್ಲ, ಅದರ ಮೇಲೆ ಭರವಸೆ ಇಡಬೇಡಿ. ಕಪ್ಪಾದ ಕಾಯಿ ಎಲ್ಲ ಕಿತ್ತುಬಿಡಿ. ಹಳದಿಯಾದ ಎಲೆ ಮತ್ತೆ ಹಸಿರಾಗುತ್ತಾ ಅಂತ ಕಾಯಬೇಡಿ. ಇನ್ನು ಮುಂದೆ ಬರುವ ಎಲೆ ಹೇಗಿದೆ, ಅದನ್ನು ನೋಡಿ.


ತಾರಸಿ ತೋಟ, ಚಿಕ್ಕಮಗಳೂರು
ಸೆಪ್ಟೆಂಬರ್ 12, ರಾತ್ರಿ 8:30

ನಿನ್ನೆ, ಇವತ್ತು ಎರಡು ದಿನ ಅದೇ ಕೆಲಸ. 24 ಬ್ಯಾಗಿಗೆ 480 ಲೀಟರ್. ತಮ್ಮ ಬಂದು ಬಕೆಟ್ ಹೊತ್ತ. ಮೊದಲು ಇಳಿದ ನೀರು ಚಹಾ ಬಣ್ಣ, ಕೊನೆಗೆ ತಿಳಿಯಾಯಿತು. 4.6 ಇದ್ದ ಬ್ಯಾಗ್ 2.0ಕ್ಕೆ ಬಂದಿದೆ. ಎರಡು ಬ್ಯಾಗ್ ಮಾತ್ರ 2.7ರಲ್ಲಿ ನಿಂತಿವೆ, ನಾಳೆ ಮತ್ತೆ ಹಾಕುತ್ತೇನೆ. ಕಪ್ಪಾದ ಕಾಯಿ ಎಲ್ಲ ಕಿತ್ತೆ. ಗಿಡ ಬೋಳಾಗಿ ಕಾಣುತ್ತೆ.


ಅರಸೀಕೆರೆ ತೆಂಗು
ಸೆಪ್ಟೆಂಬರ್ 21, ಬೆಳಿಗ್ಗೆ 10:20

ಹಾಸನದ ಅಣ್ಣನಿಗೆ ನಮಸ್ಕಾರ. ನೀರು ಅಳೆಸಿದೆ, ಇಸಿ 1.3, ಪಿಹೆಚ್ 7.9. ಪುಡಿ ಮೇಲೆ ನೀವು ಹೇಳಿದ ಕಿತ್ತಳೆ ಬಣ್ಣ ಇತ್ತು. ಅರ್ಧ ಟ್ರೇಗೆ ಆಮ್ಲ ಹಾಕಿದ ನೀರು ಮಾತ್ರ, ಇನ್ನರ್ಧಕ್ಕೆ ಆಮ್ಲ ಹಾಕಿದ ನೀರಿನ ಜೊತೆ ಕೆಂಪು ಚಿಲೇಟ್ ಕೂಡ ಕೊಟ್ಟೆ. ಎರಡನೇ ಗುಂಪಿನ ಕುಡಿ ಒಂದು ವಾರದಲ್ಲೇ ಹಸಿರು. ಮೊದಲ ಗುಂಪು ಈಗ ನಿಧಾನಕ್ಕೆ ತಿರುಗುತ್ತಿದೆ. ತಂದ ಕ್ಯಾಲ್ಸಿಯಂ ನೈಟ್ರೇಟ್ ಹಾಗೇ ಇಟ್ಟಿದ್ದೇನೆ. ಗೋದಾಮಿನ ಮೇಲಿನ ಮಾಡಿಗೆ ದೋಣಿ ಹಾಕಿಸಿ ಮಳೆ ನೀರಿಗೆ ಒಂದು ತೊಟ್ಟಿ ಕಟ್ಟಿಸೋಣ ಅಂತ ಇದ್ದೇನೆ, ಹಿಂಗಾರು ಬರುವ ಒಳಗೆ.


ಸಕಲೇಶಪುರ ಹಸಿರು
ಸೆಪ್ಟೆಂಬರ್ 21, ಬೆಳಿಗ್ಗೆ 11:05

ನಮ್ಮ ಕಡೆ ನೀರು ಸುರಿದು ಹರಿದು ಹೋಗುತ್ತೆ, ಕೂಡಿಡೋರಿಲ್ಲ. ನಿಮ್ಮ ತೊಟ್ಟಿ ಬೇಗ ಆಗಲಿ ಅಣ್ಣಾ. ಚಿಕ್ಕಮಗಳೂರಿನ ಅಕ್ಕಾ, ಹಸಿಮೆಣಸು ಏನಾಯಿತು?


ತಾರಸಿ ತೋಟ, ಚಿಕ್ಕಮಗಳೂರು
ಅಕ್ಟೋಬರ್ 6, ಬೆಳಿಗ್ಗೆ 7:40

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಸಿಮೆಣಸಿನ ಒಂದು ಗಿಡ ಉಳಿಯಲಿಲ್ಲ, ಇನ್ನೊಂದು ಬೇವಿನೆಣ್ಣೆಯಲ್ಲಿ ಸುಧಾರಿಸಿತು. ನೀವು ಮೊದಲ ದಿನ ಹುಳ ನೋಡಿ ಅನ್ನದಿದ್ದರೆ ಅದಕ್ಕೂ ನಾನು ಗೊಬ್ಬರವೇ ಹಾಕುತ್ತಿದ್ದೆ.

ಟೊಮೆಟೊದಲ್ಲಿ ತೊಳೆದ ಮೇಲೆ ಬಂದ ಎಲೆ ಒಂದಕ್ಕೂ ಅಂಚು ಸುಟ್ಟಿಲ್ಲ. ಕೆಳಗಿನ ಹಳದಿ ಎಲೆ ಹಾಗೇ ಇವೆ, ಕೆಲವು ಕತ್ತರಿಸಿದೆ. ಹೊಸ ಕಾಯಿ ನಿಂಬೆಹಣ್ಣಿನಷ್ಟು ದಪ್ಪ ಆಗಿವೆ. ಬೆಳಿಗ್ಗೆ ಅಮ್ಮ ಒಂದೊಂದನ್ನೂ ಕೈಯಲ್ಲಿ ಎತ್ತಿ ತಳ ನೋಡಿದರು. ಮೂವತ್ತೇಳು. ಎರಡರಲ್ಲಿ ಮಾತ್ರ ಚುಕ್ಕಿ ಇತ್ತು, ಎರಡೂ ಒಂದೇ ಬ್ಯಾಗಿನವು. ಆ ಬ್ಯಾಗ್ ಅಳೆದೆ, ಇಸಿ 3.1. ಮೂಲೆಯಲ್ಲಿದೆ, ಸ್ಟ್ಯಾಂಡ್ ಸಾಲದೆ ಅದೊಂದರ ಕೆಳಗೆ ತಟ್ಟೆ ಬಿಟ್ಟಿದ್ದೆ. ಈಗ ತೆಗೆದು ಇಟ್ಟಿಗೆ ಇಟ್ಟೆ. ಸಂಜೆ 20 ಲೀಟರ್ ಬೆರೆಸಿ ಹಾಕುತ್ತೇನೆ.